ಸುಮೇರಿಯನ್ ಕ್ಯೂನಿಫಾರ್ಮ್: ಉಚ್ಚಾರವೋ, ಅರ್ಥವೋ?

ಹಚ್ಚೆಗೋ ಮಣ್ಣಿನ ಫಲಕಕ್ಕೋ ಒಂದು ಮಾತನ್ನು ಕ್ಯೂನಿಫಾರ್ಮ್‌ನಲ್ಲಿ, ಅಂದರೆ ಪ್ರಾಚೀನ ಸುಮೇರಿಯನ್ನರ ಬೆಣೆಯಾಕಾರದ ಲಿಪಿಯಲ್ಲಿ, ಬರೆಸುವವರ ಮುಂದೆ ಎರಡು ದಾರಿಗಳಿವೆ: ಮಾತಿನ ಉಚ್ಚಾರವನ್ನೇ ಬರೆಯುವುದು, ಇಲ್ಲವೇ ಅದರ ಅರ್ಥವನ್ನು ಸುಮೇರಿಯನ್ ಭಾಷೆಗೆ ತಂದು ಬರೆಯುವುದು.

ಹೆಸರಾದರೆ ಉಚ್ಚಾರದ ದಾರಿ ಸಾಕು. ಇಲ್ಲಿ ಒಂದೊಂದು ಉಚ್ಚಾರಾಂಶಕ್ಕೆ ಒಂದೊಂದು ಚಿಹ್ನೆ, ಕನ್ನಡದವರಿಗೆ ಅಪರಿಚಿತವಲ್ಲ: ‘ಅನಿತಾ’ ಎಂದರೆ ಅ-ನಿ-ತ, ಮೂರೇ ಚಿಹ್ನೆ. ಒ ಸ್ವರಕ್ಕೆ ಬೇರೆ ಚಿಹ್ನೆಯಿಲ್ಲ, ಹಾಗಾಗಿ ‘ಮೋಹನ’ ಮು-ಹ-ನ ಆಗುತ್ತದೆ. ಬಿಡಿ ವ್ಯಂಜನಕ್ಕೂ ಚಿಹ್ನೆ ಇಲ್ಲ. ಇಂಗ್ಲಿಷ್‌ನ ಒಂದೊಂದು ಅಕ್ಷರಕ್ಕೆ ಒಂದೊಂದು ಚಿಹ್ನೆ ಕೊಡುವ ಆನ್‌ಲೈನ್ ಪರಿವರ್ತಕಗಳು ಎಡವುವುದು ಇಲ್ಲೇ. ಅವುಗಳ ಫಲಿತಾಂಶ ಬರೀ ಅಲಂಕಾರ.

ವಾಕ್ಯಕ್ಕೆ ಅರ್ಥದ ದಾರಿಯೇ ಬೇಕು. ‘ಅರಸ ಮನೆ ಕಟ್ಟಿದ’ ಎಂಬುದು ಲುಗಲ್-ಎ ಎ ಮು-ಉನ್-ದು, ಆರು ಚಿಹ್ನೆ. ‘ಲುಗಲ್’ ಎಂದರೆ ಅರಸ, ಇಡೀ ಪದಕ್ಕೆ ಒಂದೇ ಚಿಹ್ನೆ; ಬಿಡಿಯಾಗಿ ನಿಂತ ‘ಎ’ ಎಂದರೆ ಮನೆ. ಕ್ರಿಯಾಪದ ಕೊನೆಗೆ ಬರುವುದು ನಮ್ಮಂತೆಯೇ. ಆದರೆ ‘ಲುಗಲ್’ಗೆ ಅಂಟಿದ ‘ಎ’ ಕರ್ತೃವಿನ ಪ್ರತ್ಯಯ. ‘ಅರಸ ಬಂದ’ ಎನ್ನುವಂಥ ಅಕರ್ಮಕ ವಾಕ್ಯದಲ್ಲಿ ಅದು ಇರುವುದಿಲ್ಲ. ‘ಅರಸನ ಮನೆ’ಯಲ್ಲಿ ಪದಕ್ರಮ ತಿರುಗುತ್ತದೆ: ಎ ಲುಗಲ್-ಲ, ಮನೆ ಮೊದಲು. ನಿಘಂಟಿನಿಂದ ಪದ ಹೆಕ್ಕಿ ಕನ್ನಡದ ಸಾಲಿನಲ್ಲೇ ಜೋಡಿಸಿದರೆ ಕೆಡುವುದು ಹೀಗೆ. ‘ಮೊಬೈಲ್’ನಂಥದ್ದಕ್ಕೆ ಪದವೇ ಇಲ್ಲ, ವಾಕ್ಯವನ್ನೇ ಬದಲಿಸುವುದು ಲೇಸು.

ಚೆಂದ ಕಂಡಿತೆಂದು ಹೆಸರಿನ ಮೊದಲಿಗೆ ನಕ್ಷತ್ರದಂಥ ‘ದಿಂಗಿರ್’ ಚಿಹ್ನೆ ಸೇರಿಸಬೇಡಿ. ಅದು ದೇವರ ಹೆಸರಿನ ಗುರುತು. ಊರ್ ಎಂಬ ಸುಮೇರಿಯನ್ ನಗರದ ಅರಸ ಶುಲ್ಗಿ ಹಾಕಿಕೊಂಡಿದ್ದ, ನಿಜ. ಅವನು ತನ್ನನ್ನು ದೇವರೆಂದೇ ಸಾರಿಕೊಂಡಿದ್ದ.