ಸೀರಿಯಲ್ ಕನ್ಸೋಲ್ ಇದೆ ಅಂದರೆ ಸಾಲದು, ರೀಬೂಟ್ ಮಾಡಿಸಿ ನೋಡಿ

ದೂರದಲ್ಲಿ ಬಾಡಿಗೆ ಸರ್ವರ್ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಓದಿ. ಸರ್ವರ್ ಬೂಟ್ ಆಗದೆ ನಿಂತಾಗಲೂ ಅದರ ಪರದೆಯ ಸಾಲುಗಳನ್ನು ದೂರದಿಂದ ನೋಡಿ, ಟೈಪ್ ಮಾಡಲು ಇರುವ ದಾರಿಯೇ ಸೀರಿಯಲ್ ಕನ್ಸೋಲ್. ‘ಸೀರಿಯಲ್ ಕನ್ಸೋಲ್ ಇದೆ, ಎಲ್ಲ ಟೆಸ್ಟ್ ಆಗಿದೆ’ ಎಂದು ಹೋಸ್ಟಿಂಗ್‌ನವರು ಭರವಸೆ ಕೊಟ್ಟಿದ್ದರು. ಆ ಮಾತು ನಂಬಿ ನಮ್ಮ ತಂಡ ರಾತ್ರಿಯಿಡೀ ಒದ್ದಾಡಿತು.

ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಅಪ್‌ಡೇಟ್ ಆದ ಮೇಲೆ ನಮ್ಮ ಡೆಬಿಯನ್ ಲಿನಕ್ಸ್ ಸರ್ವರ್ ರೀಬೂಟ್ ಆಯಿತು, ವಾಪಸ್ ಬರಲಿಲ್ಲ. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಇಲ್ಲ, ಪಿಂಗ್‌ಗೆ ಉತ್ತರ ಇಲ್ಲ. ಕನ್ಸೋಲ್ ಇರುವುದೇ ಇಂಥ ಹೊತ್ತಿಗೆ ಅಲ್ವಾ? ಐಪಿಎಂಐ (ಸರ್ವರ್ ಅನ್ನು ದೂರದಿಂದ ನಿಯಂತ್ರಿಸುವ ಪ್ರತ್ಯೇಕ ವ್ಯವಸ್ಥೆ) ಮೂಲಕ ಒಳಗೆ ಹೋದೆವು. ಮೆಷಿನ್ ಆನ್ ಆದಾಗ ಮೊದಲು ಓಡುವ ಬಯಾಸ್ ಕಾಣಿಸಿತು. ಯಾವ ಕರ್ನಲ್ ಬೂಟ್ ಆಗಬೇಕೆಂದು ಆರಿಸುವ ಗ್ರಬ್ ಮೆನು ಬರಬೇಕಾದ ಕಡೆ ಖಾಲಿ ಪರದೆ. ಆಮೇಲೆ ಕರ್ನಲ್ ಸಾಲುಗಳು ಸರಸರ ಓಡಿ, ಡಿಸ್ಕ್ ಹುಡುಕುವ ಹೊತ್ತಿಗೆ ನಿಂತುಬಿಟ್ಟವು. ಎಂಟರ್ ಒತ್ತಿದರೂ ಒಂದಕ್ಷರ ಇಲ್ಲ. ಸಪೋರ್ಟ್‌ನವರು ‘ಹ್ಯಾಂಗ್ ಆಗಿದೆ’ ಎಂದು ಪವರ್ ತೆಗೆದು ಮತ್ತೆ ಹಾಕಿದರು. ಮತ್ತೆ ಅಲ್ಲಿಗೇ ಬಂದು ನಿಂತಿತು. ಹಾರ್ಡ್‌ವೇರ್ ಬದಲಾಯಿಸುವ ತನಕ ಮಾತು ಹೋಯಿತು.

ಕೊನೆಗೆ ಅವರಲ್ಲೇ ಒಬ್ಬರು ಮಾನಿಟರ್ ಸಿಕ್ಕಿಸಿ ನೋಡಿದರು. ಮೆಷಿನ್ ಹ್ಯಾಂಗ್ ಆಗಿರಲೇ ಇಲ್ಲ! ಸಿಸ್ಟಂ ಇರುವ ರೂಟ್ ಡಿಸ್ಕ್ ಸಿಗದೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆರಂಭದ ತಾತ್ಕಾಲಿಕ ವ್ಯವಸ್ಥೆ) ಶೆಲ್‌ಗೆ ಬಂದು, ಕಮಾಂಡ್‌ಗಾಗಿ ಸುಮ್ನೆ ಕಾಯುತ್ತಿತ್ತು. ಹಳೆಯ ಕರ್ನಲ್ ಆರಿಸಿದ ಕೂಡಲೇ ಬೂಟ್ ಆಯಿತು.

ಅವರು ಕೊಟ್ಟ ಇಮೇಜ್‌ನ ಕರ್ನಲ್ ಸಾಲಿನಲ್ಲಿ ಮೊದಲು ‘ಕನ್ಸೋಲ್=ಟಿಟಿವೈಎಸ್0,115200’, ಆಮೇಲೆ ‘ಕನ್ಸೋಲ್=ಟಿಟಿವೈ0’ ಎಂದಿತ್ತು. ಟಿಟಿವೈಎಸ್0 ಅಂದರೆ ಮೊದಲ ಸೀರಿಯಲ್ ಪೋರ್ಟ್, 115200 ಅದರ ಸ್ಪೀಡ್, ಟಿಟಿವೈ0 ಅಂದರೆ ಮಾನಿಟರ್ ಪರದೆ. ಎರಡನ್ನೂ ಬರೆದರೆ ಕರ್ನಲ್ ಸಂದೇಶಗಳು ಎರಡೂ ಕಡೆ ಬರುತ್ತವೆ. ಆದರೆ ಮುಖ್ಯ ಕನ್ಸೋಲ್ ಆಗುವುದು ಕೊನೆಯದು ಮಾತ್ರ. ಆ ಶೆಲ್ ತೆರೆದುಕೊಳ್ಳುವುದೂ ಅಲ್ಲೇ. ಸಾಲುಗಳು ಓಡುವುದನ್ನು ನೋಡಿದವರಿಗೆ ಕನ್ಸೋಲ್ ಸರಿಯಿದೆ ಅಂತಲೇ ಅನಿಸುತ್ತದೆ. ಮೋಸ ಹೋಗುವುದು ಇಲ್ಲೇ. ಸೀರಿಯಲ್ ಹೆಸರು ಕೊನೆಗೆ ಬರಲಿ. ‘/ಸಿಸ್/ಕ್ಲಾಸ್/ಟಿಟಿವೈ/ಕನ್ಸೋಲ್/ಆಕ್ಟಿವ್’ ಫೈಲ್ ತೆರೆದರೆ ಈಗ ಕೊನೆಗೆ ಯಾವುದಿದೆ ಎಂದು ಗೊತ್ತಾಗುತ್ತದೆ.

ಬಯಾಸ್, ಗ್ರಬ್, ಕರ್ನಲ್, ಲಾಗಿನ್ ಕೊಡುವ ಗೆಟ್ಟಿ: ಈ ನಾಲ್ಕಕ್ಕೂ ಸೆಟ್ಟಿಂಗ್ ಬೇರೆ ಬೇರೆ. ಒಂದು ಕಂಡಿತು ಅಂತ ಇನ್ನೊಂದೂ ಕಾಣುತ್ತದೆ ಅಂದುಕೊಳ್ಳಬೇಡಿ. ಸ್ಪೀಡ್ ಒಂದು ಕಡೆ 9600, ಇನ್ನೊಂದು ಕಡೆ 115200 ಇದ್ದರೆ ಬರುವುದು ಬರೀ ಕಸದ ಅಕ್ಷರ. ಕೆಲವು ಸರ್ವರ್‌ಗಳಲ್ಲಿ ಐಪಿಎಂಐ ಪೋರ್ಟ್ ಟಿಟಿವೈಎಸ್1 (ಎರಡನೇ ಸೀರಿಯಲ್ ಪೋರ್ಟ್) ಆಗಿರುತ್ತದೆ, ಅದನ್ನೂ ನೋಡಿಕೊಳ್ಳಿ. ಹೊಸ ಸರ್ವರ್ ಕೈಗೆ ಬಂದ ದಿನವೇ, ಡೇಟಾ ಹಾಕುವ ಮೊದಲು, ಕನ್ಸೋಲ್‌ನಲ್ಲಿ ಕೂತು ರೀಬೂಟ್ ಮಾಡಿಸಿ. ಗ್ರಬ್ ಮೆನುವಿನಲ್ಲಿ ಮೇಲೆ ಕೆಳಗೆ ಹೋಗಿ. ಲಾಗಿನ್ ಆಗಿ.

ಹೊರಗೆ ಬರುವುದನ್ನೂ ಕಲಿತಿರಿ. ಐಪಿಎಂಐ ಕನ್ಸೋಲ್ ತೆರೆಯುವ ಐಪಿಎಂಐಟೂಲ್‌ನಲ್ಲಿ ಎಂಟರ್ ಒತ್ತಿ, ಆಮೇಲೆ ಟಿಲ್ಡೆ (~) ಮತ್ತು ಚುಕ್ಕಿ (.) ಒತ್ತಬೇಕು. ಆದರೆ ಎಸ್‌ಎಸ್‌ಎಚ್‌ಗೂ ಅದೇ ಗುರುತು. ಇನ್ನೊಂದು ಮೆಷಿನ್‌ಗೆ ಎಸ್‌ಎಸ್‌ಎಚ್ ಮಾಡಿ ಅಲ್ಲಿಂದ ಕನ್ಸೋಲ್ ತೆರೆದಿದ್ದರೆ ಟಿಲ್ಡೆ ಎರಡು ಸಲ ಒತ್ತಿ. ಇಲ್ಲದಿದ್ದರೆ ಎಸ್‌ಎಸ್‌ಎಚ್ ಕಡಿದುಹೋಗಿ ಕನ್ಸೋಲ್ ಮಾತ್ರ ‘ಈಗಾಗಲೇ ಬಳಕೆಯಲ್ಲಿದೆ’ ಎಂದು ಕೂರಬಹುದು. ಆಗ ಐಪಿಎಂಐಟೂಲ್‌ಗೆ ಹಳೆಯ ಸಂಪರ್ಕ ಮುಚ್ಚುವ ‘ಸೋಲ್ ಡಿಆಕ್ಟಿವೇಟ್’ ಕಮಾಂಡ್ ಕೊಡಿ.

ಕನ್ಸೋಲ್ ಮುಚ್ಚಿದ ಮಾತ್ರಕ್ಕೆ ಲಾಗಿನ್ ಮುಚ್ಚಿತು ಅಂತಲೂ ಅಲ್ಲ. ಲಾಗ್‌ಔಟ್ ಆಗದೆ ಎದ್ದರೆ ಮುಂದೆ ಅದೇ ಪೋರ್ಟ್‌ಗೆ ಬಂದವರಿಗೆ ನಿಮ್ಮ ರೂಟ್ (ಪೂರ್ಣ ಅಧಿಕಾರದ) ಶೆಲ್ ಹಾಗೇ ಸಿಗುತ್ತದೆ. ಬ್ಯಾಷ್ ಶೆಲ್‌ನಲ್ಲಿ ಟಿಎಂಔಟ್ ಎಂಬ ಸಮಯದ ಮಿತಿ ಹಾಕಿಡಿ, ಸುಮ್ಮನಿದ್ದ ಶೆಲ್ ತಾನಾಗೇ ಮುಚ್ಚಿಕೊಳ್ಳುತ್ತದೆ.