ಒಳಗಿನ ಪೊಟ್ಟಣದ ಮೇಲೆ ಗುರುತು ಹಾಕಬೇಡಿ ಎನ್ನುವ ಖರೀದಿದಾರರ ಬಗ್ಗೆ ಎಚ್ಚರ

ಹಳೆಯ ಗ್ರಾಮಫೋನ್ ತಟ್ಟೆ, ನಾಣ್ಯ, ಅಂಚೆಚೀಟಿ, ಬೆಂಕಿಪೊಟ್ಟಣದ ಚಿತ್ರ ಮುಂತಾದವನ್ನು ಆನ್‌ಲೈನ್ ಗುಂಪುಗಳಲ್ಲಿ ಮಾರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ವಸ್ತುವನ್ನು ಯಾವುದರಲ್ಲಿ ಸುತ್ತಬೇಕು, ಎಲ್ಲಿ ಟೇಪು ಅಂಟಿಸಬಾರದು, ಎಷ್ಟು ದಪ್ಪ ಇರಬೇಕು ಎಂದು ಖರೀದಿದಾರರೇ ಫೋನಿನಲ್ಲಿ ಒಂದೊಂದಾಗಿ ಹೇಳತೊಡಗಿದರೆ, ಅದನ್ನು ಸಂಗ್ರಾಹಕರ ಕಾಳಜಿ ಎಂದುಕೊಂಡು ಸಂತೋಷಪಡಬೇಡಿ. ನನಗೂ ಒಬ್ಬರು ಹಾಗೆಯೇ ಹೇಳಿದರು. ಅವರು ಹೇಳಿದಂತೆಯೇ ಕಟ್ಟಿ ಕಳುಹಿಸಿದೆ. ಕೊನೆಗೆ ತಟ್ಟೆಗಳೂ ಹೋದವು, ಹಣವೂ ಹೋಯಿತು, "ಪ್ಯಾಕಿಂಗ್ ಬಾರದವರು ಮಾರುವುದಕ್ಕೆ ಯಾಕೆ ಬರುತ್ತೀರಿ" ಎಂಬ ಮಾತನ್ನೂ ಕೇಳಬೇಕಾಯಿತು.

ನಾವು ಹಾಸನದವರು. ನನ್ನ ಮಾವನವರು ಸಕಲೇಶಪುರದ ಕಡೆಯ ಕಾಫಿ ಎಸ್ಟೇಟಿನಲ್ಲಿ ರೈಟರು, ಎಂದರೆ ಲೆಕ್ಕಪತ್ರ ನೋಡಿಕೊಳ್ಳುವವರು, ಆಗಿದ್ದರು. ನಾಯಿ ಗುರುತಿನ ಎಚ್‌ಎಂವಿ, ಕೊಲಂಬಿಯಾ, ಒಡಿಯನ್ ಕಂಪನಿಗಳವು ಎಂದು ಅವರು ಕೂಡಿಟ್ಟ ತಟ್ಟೆಗಳು ಒಂದು ಮರದ ಪೆಟ್ಟಿಗೆ ತುಂಬ ಇದ್ದವು. ಮಳೆಗಾಲದ ತೇವಕ್ಕೆ ಕಾಗದದ ಕವರುಗಳು ಬೂಷ್ಟು ಹಿಡಿಯುತ್ತಿದ್ದುದರಿಂದ, ಬೆಲೆ ತಿಳಿದವರ ಕೈ ಸೇರಲಿ ಎಂದು ಮಾರಲು ತೀರ್ಮಾನಿಸಿದೆವು. ಮೊದಲು ಆರು ತಟ್ಟೆಗಳನ್ನು ಒಟ್ಟಿಗೆ 7,200 ರೂಪಾಯಿಗೆ ಇಟ್ಟೆ. ಅವುಗಳಲ್ಲಿ ಕನ್ನಡ ನಾಟಕದ ಹಾಡುಗಳ ಎರಡು ತಟ್ಟೆಗಳಿಗೇ 4,500 ಎಂದು ಪ್ರತ್ಯೇಕವಾಗಿ ಬರೆದಿದ್ದೆ. ಪ್ರತಿ ತಟ್ಟೆಯ ಎರಡೂ ಬದಿಯ ಚಿತ್ರ ಹಾಕಿದ್ದೆ, ದೋಷಗಳನ್ನೂ ಮುಚ್ಚಿಡಲಿಲ್ಲ. ಆ ಎರಡರಲ್ಲಿ ಒಂದರ ಅಂಚಿನಲ್ಲಿ ಉಗುರಿನಷ್ಟು ಚೂರು ಹಾರಿಹೋಗಿತ್ತು. ಅದನ್ನೂ ಹತ್ತಿರದಿಂದ ತೆಗೆದು ತೋರಿಸಿದ್ದೆ. ಈ ಚೂರಿನ ವಿಷಯವನ್ನು ನೆನಪಿಟ್ಟುಕೊಳ್ಳಿ.

ಇವು ಆಮೇಲೆ ಬಂದ ಎಲ್‌ಪಿ ತಟ್ಟೆಗಳ ಹಾಗೆ ಬಾಗುವ ವಿನೈಲ್ ಪ್ಲಾಸ್ಟಿಕ್ ಅಲ್ಲ ಎಂಬುದು ಈ ವ್ಯವಹಾರದಲ್ಲಿರುವವರಿಗೆ ಗೊತ್ತು. ಅರಗಿಗೆ ಕಲ್ಲಿನ ಪುಡಿ, ಮಸಿ ಬೆರೆಸಿ ಒತ್ತಿ ಮಾಡಿದ, ನಿಮಿಷಕ್ಕೆ 78 ಸುತ್ತು ತಿರುಗುವ 10 ಅಂಗುಲದ ತಟ್ಟೆಗಳು. ಒಂದು ಬದಿಗೆ ಸುಮಾರು ಮೂರು ನಿಮಿಷದ ಹಾಡು, ಒಂದೊಂದರ ತೂಕ ಸುಮಾರು 200 ಗ್ರಾಂ. ಕೈಜಾರಿದರೆ ಹಪ್ಪಳದ ಹಾಗೆ ಮುರಿಯುತ್ತವೆ. ಆದ್ದರಿಂದ ಇವುಗಳನ್ನು ಕಳುಹಿಸುವ ಕ್ರಮವೂ ಎಲ್ಲರಿಗೂ ತಿಳಿದದ್ದೇ. ತಟ್ಟೆಗಿಂತ ನಾಲ್ಕು ಬೆರಳು ದೊಡ್ಡದಾದ ರಟ್ಟುಗಳನ್ನು ಎರಡೂ ಕಡೆ ಎರಡೆರಡು ಇಟ್ಟು, ಒಂದರೊಳಗಿನ ಅಲೆಯಂಥ ಗೆರೆ ಉದ್ದಕ್ಕೆ ಬಂದರೆ ಇನ್ನೊಂದರ ಗೆರೆ ಅಡ್ಡಕ್ಕೆ ಬರುವಂತೆ ಜೋಡಿಸಿ, ಒಳಗೆ ಅಲುಗಾಡದಂತೆ ಬಿಗಿದು, ಗುಳ್ಳೆ ಪ್ಲಾಸ್ಟಿಕ್ ಸುತ್ತಿ, ಪೆಟ್ಟಿಗೆಯ ಯಾವ ಗೋಡೆಗೂ ತಾಗದಂತೆ ಸುತ್ತಲೂ ಮೆತ್ತೆ ತುಂಬಬೇಕು. ನಾನು ಹಾಗೆಯೇ ಮಾಡುತ್ತೇನೆ ಎಂದು ಮೊದಲ ದಿನವೇ ತಿಳಿಸಿದ್ದೆ.

ಬೆಂಗಳೂರಿನ ಒಬ್ಬರು ಚೌಕಾಸಿಯನ್ನೇ ಮಾಡದೆ ಒಪ್ಪಿಕೊಂಡರು. "ಅಕ್ಕಾ, ನಿಮ್ಮ ಮಾವನವರ ರುಚಿ ದೊಡ್ಡದು" ಎಂದರು. ಹಣ ಹಾಕುವ ಮುನ್ನ ಕಟ್ಟುವುದರ ಬಗ್ಗೆ ಸ್ವಲ್ಪ ಮಾತಾಡಬೇಕು ಎಂದು ಕರೆ ಮಾಡಿದರು. ಹಳೆಯ ಅಂಗಡಿಗಳ ಹೆಸರು ಅಚ್ಚಾದ ಕಾಗದದ ಕವರುಗಳಿಗೂ ಬೆಲೆ ಇರುವುದರಿಂದ ತಟ್ಟೆಗಳನ್ನು ಅವುಗಳಲ್ಲಿಯೇ ಇಡಬೇಕು ಎಂದರು; ಸರಿ. ಟೇಪು ತಾಗಿದರೆ ಹಳೆಯ ಕಾಗದ ಕಿತ್ತು ಬರುತ್ತದೆ, ಒಳಗೆಲ್ಲೂ ಟೇಪು ಬೇಡ ಎಂದರು; ಅದೂ ಸರಿಯೇ. ಒಳಗಿನ ಪೊಟ್ಟಣದ ಮೇಲೆ ಸಹಿ, ದಿನಾಂಕ, ಗುರುತು ಏನೂ ಬೇಡ, ಶಾಯಿ ಒಳಗಿಳಿದರೆ ಕವರು ಹಾಳಾಗುತ್ತದೆ ಎಂದರು. ನಾನು ಮಾರುವ ಪ್ರತಿಯೊಂದು ವಸ್ತುವಿನ ಒಳಪೊಟ್ಟಣದ ಜೋಡಣೆಯ ಮೇಲೆ ಸಹಿ ಹಾಕಿ ಚಿತ್ರ ತೆಗೆದಿಟ್ಟುಕೊಳ್ಳುವವಳು. ಆದರೂ ಇಷ್ಟು ನಾಜೂಕಾಗಿ ಯೋಚಿಸುವವರು ಸಿಕ್ಕಿದರಲ್ಲ ಎಂದು ನನಗೆ ಗೌರವವೇ ಮೂಡಿತು.

ಆಮೇಲೆ ದೊಡ್ಡ ಪೆಟ್ಟಿಗೆ ಬೇಡ ಎಂದರು. ಇದಕ್ಕೂ ಕಾರಣ ಇತ್ತು. ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ಬರುವ ಸಂಖ್ಯೆ ನಿಜವಾದ ತೂಕಕ್ಕಿಂತ ಹೆಚ್ಚಾದರೆ ಅದಕ್ಕೇ ಹಣ ಕೇಳುತ್ತಾರೆ. ನನ್ನ ಪೆಟ್ಟಿಗೆ 40, 40, 15 ಇತ್ತು. ಎಂದರೆ ಲೆಕ್ಕಕ್ಕೆ 4.8 ಕಿಲೋ. ರಟ್ಟುಗಳ ನಡುವೆ ಚಪ್ಪಟೆಯಾಗಿ ಕಟ್ಟಿದರೆ ಒಂದೂವರೆ ಕಿಲೋ ಚಿಲ್ಲರೆಯಲ್ಲಿ ಮುಗಿಯುತ್ತದೆ. "ಕೊರಿಯರ್ ಹಣ ಕೊಡುವವನು ನಾನು ತಾನೆ ಅಕ್ಕಾ? ಒಡೆದರೆ ನನ್ನ ಹಣೆಬರಹ, ನಿಮ್ಮನ್ನು ಒಂದು ಮಾತು ಕೇಳುವುದಿಲ್ಲ" ಎಂದರು. ಹೊರಗಡೆ ಹಳೆಯ ಪುಸ್ತಕ, 500 ರೂಪಾಯಿ ಎಂದು ಬರೆಯಿರಿ ಎಂದೂ ಹೇಳಿದರು. ಅದೊಂದನ್ನು ನಾನು ಒಪ್ಪಲಿಲ್ಲ, ಇದ್ದದ್ದನ್ನೇ ಬರೆದೆ.

ಇಲ್ಲಿ ಗಮನಿಸಿ. ಇಷ್ಟೂ ಮಾತು ಫೋನಿನಲ್ಲಿಯೇ ನಡೆಯಿತು. ಬರವಣಿಗೆಯಲ್ಲಿ ಅವರು ಕಳುಹಿಸಿದ್ದು ಒಂದೇ ಸಾಲು: "ಮಾತಾಡಿದಂತೆ ಮಾಡಿಬಿಡಿ ಅಕ್ಕಾ." ಏನು ಮಾತಾಡಿದೆವು ಎಂಬುದು ಎಲ್ಲಿಯೂ ಇಲ್ಲ.

ಬಿ.ಎಂ. ರಸ್ತೆಯ ಕೊರಿಯರ್ ಕಚೇರಿಯಲ್ಲಿ ಕಟ್ಟು ಕೊಟ್ಟಾಗ ಅಲ್ಲಿನ ಹುಡುಗ ಅದನ್ನು ಕೈಯಲ್ಲಿ ಹಿಡಿದು, "ಆಂಟಿ, ಒಳಗೆ ಗಾಜು ಗೀಜು ಇದ್ದರೆ ಪೆಟ್ಟಿಗೆಗೆ ಹಾಕಿ ಕೊಡಿ" ಎಂದ. ತೆಗೆದುಕೊಳ್ಳುವವರೇ ಹೀಗೆ ಕೇಳಿದ್ದಾರೆ ಎಂದೆ. ಕಟ್ಟು ತಲುಪಿದ ದಿನ ಕೊರಿಯರ್ ದಾಖಲೆಯಲ್ಲಿ "ಸುಸ್ಥಿತಿಯಲ್ಲಿ ಸ್ವೀಕರಿಸಲಾಗಿದೆ" ಎಂದು ಸಹಿಯೂ ಬಿತ್ತು. ನಾನು ನೆಮ್ಮದಿಯಾಗಿದ್ದೆ.

ರಾತ್ರಿ ಚಿತ್ರಗಳು ಬಂದವು. ನಾಟಕದ ಹಾಡುಗಳ ಎರಡೂ ತಟ್ಟೆಗಳು ಹೂವಿನ ಮೇಜುಬಟ್ಟೆಯ ಮೇಲೆ ತುಂಡುತುಂಡಾಗಿ ಬಿದ್ದಿದ್ದವು. ಉಳಿದ ನಾಲ್ಕಕ್ಕೆ ಒಂದು ಗೀರೂ ಇಲ್ಲ! ಒಂದೇ ಕಟ್ಟಿನಲ್ಲಿ, ಒಂದರ ಮೇಲೊಂದು ಬಿಗಿದಿದ್ದ ಆರರಲ್ಲಿ ಬೆಲೆಬಾಳುವ ಎರಡು ಮಾತ್ರ ಆರಿಸಿಕೊಂಡು ಒಡೆದಿದ್ದವು. ಬಿಚ್ಚುವಾಗ ತೆಗೆದ ವಿಡಿಯೊ ಇದೆಯೇ ಎಂದು ಕೇಳಿದೆ. ಕಳುಹಿಸಿದರು. ಅದು ಶುರುವಾಗುವುದೇ ಹೊರಗಿನ ಹೊದಿಕೆ ಬಿಚ್ಚಿ, ರಟ್ಟು ತೆಗೆದಿಟ್ಟ ಮೇಲೆ. ಒಳಗಿನ ಪೊಟ್ಟಣದ ಮೇಲೆ ನನ್ನ ಸಹಿ ಇಲ್ಲ, ಟೇಪಿಲ್ಲ, ಗುರುತಿಲ್ಲ. ಅದನ್ನು ಮೊದಲೇ ಬಿಚ್ಚಿ ಮತ್ತೆ ಮಡಚಿದ್ದರೂ ತಿಳಿಯುವಂತಿಲ್ಲ. ತಟ್ಟೆಯ ನಡುವಿನ ಲೇಬಲ್ಲಿನಲ್ಲಿ ಸಂಖ್ಯೆ ಇರುವ ಜಾಗದ ಮೇಲೆ ಎಲ್ಲ ಚಿತ್ರಗಳಲ್ಲಿಯೂ ಹೆಬ್ಬೆರಳು ಕುಳಿತಿತ್ತು.

ಒಡೆದರೆ ನಿಮ್ಮ ಜವಾಬ್ದಾರಿ ಎಂದು ನೀವೇ ಹೇಳಿದ್ದಿರಲ್ಲ ಎಂದು ಬರೆದೆ. ಉತ್ತರಗಳನ್ನು ಇದ್ದಹಾಗೆ ಕೊಡುತ್ತೇನೆ.

"ಎಲ್ಲಿ ಹೇಳಿದ್ದೇನೆ? ತೋರಿಸಿ."

"ಪೆಟ್ಟಿಗೆ ಇಲ್ಲದೆ 78ರ ತಟ್ಟೆ ಯಾರಾದರೂ ಕಳುಹಿಸುತ್ತಾರೆಯೇ ಮೇಡಂ?"

"ಪ್ಯಾಕಿಂಗ್ ಮಾಡಿದ್ದು ನೀವು ತಾನೆ?"

ಅಕ್ಕ ಇದ್ದವಳು ಒಂದೇ ರಾತ್ರಿಯಲ್ಲಿ ಮೇಡಂ ಆಗಿದ್ದೆ. ಕೊರಿಯರ್‌ನವರನ್ನು ವಿಚಾರಿಸಿದರೆ, ಹೊರಗೆ ಏಟು ಬಿದ್ದ ಗುರುತಿಲ್ಲ, ಪಡೆದವರು ಸುಸ್ಥಿತಿ ಎಂದು ಸಹಿ ಮಾಡಿದ್ದಾರೆ, ಪರಿಹಾರದ ಪ್ರಶ್ನೆಯೇ ಬರುವುದಿಲ್ಲ ಎಂದರು. ಅದು ಅವರ ನಿಯಮ, ತಪ್ಪು ಹೇಳುವುದಿಲ್ಲ.

ಮರುದಿನ ಬೆದರಿಕೆ ಬಂತು. 4,500 ಮತ್ತು ಕೊರಿಯರ್ ಹಣ ಸಂಜೆಯೊಳಗೆ ಬಾರದಿದ್ದರೆ 1930ಕ್ಕೆ ದೂರು ಕೊಡುತ್ತೇನೆ, ನಿಮ್ಮ ಖಾತೆ ಲಾಕ್ ಆಗುತ್ತದೆ, ಆಮೇಲೆ ಬಿಡಿಸಿಕೊಳ್ಳುವುದಕ್ಕೆ ಓಡಾಡಿ ಎಂದು. 1930 ಎಂಬುದು ಸೈಬರ್ ಹಣಕಾಸು ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ. ವಂಚನೆಗೊಳಗಾದವರ ಹಣ ಬೇಗ ತಡೆಹಿಡಿಯಲಿ ಎಂದು ಮಾಡಿದ ಒಳ್ಳೆಯ ವ್ಯವಸ್ಥೆ. ಅದನ್ನೇ ಹಿಡಿದು ಮಾರುವವರನ್ನು ಹೆದರಿಸುವ ಜನ ಇದ್ದಾರೆಂದು ನನಗೆ ಆವತ್ತು ತಿಳಿಯಿತು. ಮಗಳ ಕಾಲೇಜು ಶುಲ್ಕ ಕಟ್ಟಬೇಕಾಗಿದ್ದುದು ಅದೇ ಖಾತೆಯಿಂದ. ಒಡೆದ ತುಂಡುಗಳನ್ನಾದರೂ ವಾಪಸು ಕಳುಹಿಸಿ ಎಂದು ಷರತ್ತು ಹಾಕಿ ಹಣ ಹಾಕಿದೆ. "ತುಂಡು ಇಟ್ಟುಕೊಂಡು ನಾನೇನು ಪೂಜೆ ಮಾಡಲಾ, ಕಳುಹಿಸುತ್ತೇನೆ" ಎಂದರು. ಕಳುಹಿಸಿದರು ಕೂಡ, ಅಷ್ಟು ಧೈರ್ಯ.

ತುಂಡುಗಳು ಬಂದ ದಿನ ನಡುಮನೆಯಲ್ಲಿ ಪತ್ರಿಕೆ ಹಾಸಿ ಜೋಡಿಸುತ್ತಾ ಕುಳಿತೆ. ಮಾವನವರ ವಸ್ತುವಾಗಿದ್ದರಿಂದ ಎಸೆಯಲು ಮನಸ್ಸಾಗಲಿಲ್ಲ, ಅಷ್ಟೇ, ಅನುಮಾನದಿಂದ ಕುಳಿತದ್ದಲ್ಲ. ಒಂದು ತಟ್ಟೆ ಪೂರ್ತಿ ಜೋಡಣೆಯಾಯಿತು. ಅಂಚು ಸುತ್ತಲೂ ನುಣ್ಣಗಿತ್ತು. ಉಗುರಿನಷ್ಟು ಚೂರು ಹಾರಿಹೋಗಿದ್ದ ಜಾಗ ಎಲ್ಲಿಯೂ ಇಲ್ಲ. ಮತ್ತೆ ತಿರುಗಿಸಿ ಜೋಡಿಸಿದೆ. ಇಲ್ಲ. ಹಾಡು ಮುಗಿದ ಮೇಲೆ ಲೇಬಲ್ಲಿನ ಸುತ್ತ ಉಳಿಯುವ ಖಾಲಿ ಪಟ್ಟಿಯಲ್ಲಿ ಸಣ್ಣದಾಗಿ ಒತ್ತಿರುವ, ಆಯಾ ಧ್ವನಿಮುದ್ರಣದ ಸಂಖ್ಯೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಓದಿ, ಮಾರುವ ಮುನ್ನ ನೋಟುಪುಸ್ತಕದಲ್ಲಿ ಬರೆದಿಟ್ಟದ್ದರ ಜೊತೆ ತಾಳೆ ನೋಡಿದೆ. ಬೇರೆ ಸಂಖ್ಯೆ. ಇನ್ನೊಂದು ತಟ್ಟೆಯದೂ ಬೇರೆ. ಬಣ್ಣ ಒಂದೇ, ಕಂಪನಿ ಒಂದೇ, ತಟ್ಟೆ ಮಾತ್ರ ನನ್ನದಲ್ಲ. ಎಲ್ಲಿಯೋ ಹಳೆಯ ಸಾಮಾನಿನ ಅಂಗಡಿಯಲ್ಲಿ ಮೂರು ಕಾಸಿಗೆ ಸಿಕ್ಕಿದ್ದನ್ನು ಒಡೆದು ನನಗೆ ಚಿತ್ರ ತೋರಿಸಿದ್ದಾರೆ. ಸಹಿ ಬೇಡ ಎಂದದ್ದು ಯಾಕೆ, ಟೇಪು ಬೇಡ ಎಂದದ್ದು ಯಾಕೆ, ಪೆಟ್ಟಿಗೆ ಬೇಡ ಎಂದದ್ದು ಯಾಕೆ, ಎಲ್ಲವೂ ಆ ಪತ್ರಿಕೆಯ ಮೇಲೆ ಒಟ್ಟಿಗೆ ಅರ್ಥವಾಯಿತು. ಮೈ ಉರಿದುಹೋಯಿತು.

ಕೇಳಿದರೆ ಆತನ ಉತ್ತರ: "ಒಡೆದ ಮೇಲೆ ಅಂಚು ಹೇಗಿತ್ತು ಅಂತ ಯಾರು ನೋಡಿದ್ದಾರೆ?" ಒಡೆದಾಗ ಇದ್ದ ಚೂರು ಹೋಗಬಹುದು, ಎಂದೋ ಹೋಗಿದ್ದ ಚೂರು ಒಡೆದಾಗ ತಿರುಗಿ ಬಂದು ಕೂರುತ್ತದೆಯೇ? ಹಾಗೆಯೇ ಕೇಳಿದೆ. "ನೀವು ಹಾಕಿದ ಫೋಟೊನೇ ಬೇರೆ ತಟ್ಟೆಯದಿರಬೇಕು, ನನಗೇ ಮೋಸ ಮಾಡಲು ನೋಡಿದ್ದೀರಿ" ಎಂದ. ಅದರ ನಂತರ ನನ್ನ ಸಂಖ್ಯೆಯನ್ನು ಬ್ಲಾಕ್ ಮಾಡಿದ.

ಸ್ವಲ್ಪ ಕಾಲದ ಮೇಲೆ ಬೇರೊಂದು ಗುಂಪಿನಲ್ಲಿ, ಬೇರೊಂದು ಹೆಸರಿನಲ್ಲಿ, ನಾಟಕದ ಹಾಡುಗಳ ಅವೇ ಎರಡು ತಟ್ಟೆಗಳು ಮಾರಾಟಕ್ಕೆ ಬಂದವು. ಅಂಚಿನಲ್ಲಿ ಅದೇ ಉಗುರಿನಷ್ಟು ಕೊರೆ. ಕೆಳಗೆ ಅದೇ ಹೂವಿನ ಮೇಜುಬಟ್ಟೆ. "ಮಲೆನಾಡಿನ ಎಸ್ಟೇಟ್ ರೈಟರೊಬ್ಬರ ಮನೆಯಿಂದ ಬಂದ ಅಪರೂಪದ ತಟ್ಟೆಗಳು" ಎಂಬ ಬರಹ ಬೇರೆ! ಮಾವನವರ ಬಗ್ಗೆ ನಾನು ಪ್ರೀತಿಯಿಂದ ಹೇಳಿದ ಮಾತನ್ನೂ ಬಿಡದೆ ಮಾರುತ್ತಿದ್ದಾನೆ. ನಾನು ಕೆಳಗೆ ಬರೆದ ಪ್ರತಿಕ್ರಿಯೆಯನ್ನು ಅಳಿಸಿ, ಬರಹವನ್ನೇ ತೆಗೆದುಹಾಕಿದ. ಅಷ್ಟರೊಳಗೆ ಚಿತ್ರ ಉಳಿಸಿಕೊಂಡಿದ್ದೆ.

ನಮ್ಮ ಮನೆಯವರು ಬೈಯಲಿಲ್ಲ; ಅದೇ ಹೆಚ್ಚು ಕಷ್ಟವಾಯಿತು. "ಅಪ್ಪ ಆ ತಟ್ಟೆಯನ್ನು ಮಕ್ಕಳ ಕೈಗೂ ಕೊಡುತ್ತಿರಲಿಲ್ಲ" ಎಂದಷ್ಟೇ ಅಂದು ಎದ್ದುಹೋದರು. ಕೊರಿಯರ್ ಕಚೇರಿಯ ಮುಂದೆ ಹಾಯುವಾಗಲೆಲ್ಲ ಆ ಹುಡುಗ ಏನಾದರೂ ಕೇಳಿಬಿಟ್ಟಾನೆಂದು ರಸ್ತೆಯ ಆಚೆ ಬದಿಗೆ ಹೋಗುತ್ತೇನೆ.

ಕಟ್ಟುವುದು ಮಾರುವವರ ಕೆಲಸ, ನಿಮ್ಮ ಕ್ರಮವನ್ನು ಯಾರ ಮಾತಿಗೂ ಬದಲಿಸಬೇಡಿ. ಕಡಿಮೆ ಖರ್ಚಿನಲ್ಲಿ ಬೇಕು ಎನ್ನುವವರು ಬೇರೆಯವರ ಬಳಿ ಕೊಳ್ಳಲಿ. ಫೋನಿನಲ್ಲಿ ಹೇಳಿದ್ದನ್ನೆಲ್ಲ ಬರೆದು ಕಳುಹಿಸಿ, "ಹೌದು" ಎಂಬ ಉತ್ತರ ಬಂದ ಮೇಲೆಯೇ ಟೇಪು ಕೈಗೆತ್ತಿಕೊಳ್ಳಿ. ಒಳಗಿನ ಪೊಟ್ಟಣದ ಮೇಲೆ ಸಹಿ ಬೇಡ ಎಂದವರಿಗೆ ವಸ್ತುವನ್ನೇ ಕೊಡಬೇಡಿ. ಶಾಯಿ ಇಳಿಯುತ್ತದೆ ಎಂಬುದೆಲ್ಲ ನೆಪ, ಕವರಿನ ಮೇಲೆ ಇನ್ನೊಂದು ಕಾಗದ ಸುತ್ತಿ ಅದರ ಮೇಲೆ ಸಹಿ ಹಾಕಿದರೆ ಏನೂ ಆಗುವುದಿಲ್ಲ. ತಟ್ಟೆಯ ಸಂಖ್ಯೆ, ನಾಣ್ಯದ ಗೀರು, ಅಂಚೆಚೀಟಿಯ ಹಲ್ಲು, ಯಾವುದೇ ಇರಲಿ, ಕಟ್ಟುವ ಮುನ್ನ ಹತ್ತಿರದಿಂದ ಚಿತ್ರ ತೆಗೆಯಿರಿ. ಹೊರಹೊದಿಕೆ ಹರಿಯುವುದರಿಂದ ಹಿಡಿದು ತಡೆಯಿಲ್ಲದ ವಿಡಿಯೊ ಇಲ್ಲದಿದ್ದರೆ ದೂರನ್ನು ಕೇಳುವುದಿಲ್ಲ ಎಂದು ಮಾರಾಟದ ಬರಹದಲ್ಲಿಯೇ ಹಾಕಿ. ತುಂಡುಗಳು ನಿಮ್ಮ ಕೈಗೆ ಬರುವ ಮುನ್ನ ಒಂದು ರೂಪಾಯಿಯನ್ನೂ ಹಿಂದಿರುಗಿಸಬೇಡಿ, 1930 ಎಂದು ಎಷ್ಟೇ ಹೆದರಿಸಲಿ. ದೂರು ಕೊಡುವ ಹಕ್ಕು ನಮಗೂ ಇದೆ.

ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ನಾನೂ ದೂರು ದಾಖಲಿಸಿದ್ದೇನೆ. ತುಂಡುಗಳು, ನೋಟುಪುಸ್ತಕ, ಎರಡೂ ಮಾರಾಟದ ಚಿತ್ರಗಳು ಜೋಪಾನವಾಗಿವೆ. ಗುಂಪಿನ ನಿರ್ವಾಹಕರು ಒಬ್ಬರ ಮಾತಿನ ಮೇಲೆ ಯಾರನ್ನೂ ತೆಗೆಯಲಾಗದು ಎಂದಿದ್ದಾರೆ. ಆದ್ದರಿಂದ ಕೇಳುತ್ತಿದ್ದೇನೆ: ಹೂವಿನ ಮೇಜುಬಟ್ಟೆಯ ಮೇಲೆ ಒಡೆದ ವಸ್ತುವಿನ ಚಿತ್ರ ಕಂಡು ಹಣ ಹಿಂದಿರುಗಿಸಿದವರು ಇನ್ನೂ ಯಾರಾದರೂ ಇದ್ದರೆ, ಸಂಕೋಚಪಡದೆ ಆ ಚಿತ್ರಗಳನ್ನು ನಿರ್ವಾಹಕರಿಗೆ ಕಳುಹಿಸಿ.