ಜಗಳದ ಮಧ್ಯೆ 20 ನಿಮಿಷ ಬ್ರೇಕ್: ಟ್ರಾಮಾ ಥೆರಪಿ ಬಳಸಿದ ಮನೆಯವರ ವಿಮರ್ಶೆ

ಟ್ರಾಮಾ ಥೆರಪಿ ಅಂದರೆ ಹಿಂದೆ ಆದ ಹಿಂಸೆ, ಆಘಾತ ಮನಸ್ಸಿನಲ್ಲಿ ಬಿಟ್ಟುಹೋದ ಪೆಟ್ಟಿಗೆ ಮಾಡುವ ಚಿಕಿತ್ಸೆ. ಯಾರಿಗೆ ಬೇಕು ಅನ್ನುವುದನ್ನೆಲ್ಲ ನೀವು ಈಗಾಗಲೇ ಓದಿರುತ್ತೀರಿ. ಅದನ್ನು ಮತ್ತೆ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಇದನ್ನು ಮೂರೂ ರೀತಿ ಬಳಸಿದ್ದೇವೆ. ನಾನೊಬ್ಬಳೇ ಹೋಗುವ ಸೆಷನ್ ಒಂದು, ಗಂಡ ಹೆಂಡತಿ ಜೊತೆಗೆ ಹೋಗುವುದು ಇನ್ನೊಂದು, ಆಗಾಗ ಮಗಳನ್ನೂ ಕರೆದುಕೊಂಡು ಹೋಗುವುದು ಮತ್ತೊಂದು. ಶುರು ಮಾಡಿ ಕೆಲವು ವರ್ಷಗಳೇ ಆದವು. ಇಷ್ಟು ದಿನದಲ್ಲಿ ದುಡ್ಡು ಸಾರ್ಥಕ ಅನಿಸಿದ್ದು ಯಾವುದಕ್ಕೆ ಅಂತ ಕೇಳಿದರೆ ನಾನೂ ನನ್ನ ಗಂಡನೂ ಒಂದೇ ಉತ್ತರ ಕೊಡುತ್ತೇವೆ: ಜಗಳದ ಮಧ್ಯೆ ತೆಗೆದುಕೊಳ್ಳುವ 20 ನಿಮಿಷದ ಬ್ರೇಕ್.

ಇಷ್ಟೇನಾ ಅನಿಸಬಹುದು. ಕೋಪ ಬಂದಾಗ ಸ್ವಲ್ಪ ಹೊತ್ತು ಸುಮ್ಮನಿರು ಅಂತ ಹೇಳದವರು ಯಾರಿದ್ದಾರೆ? ಆದರೆ ಬರೀ ಸುಮ್ಮನಿರುವುದರಿಂದ ನಮ್ಮ ಮನೆಯಲ್ಲಿ ಪರಿಸ್ಥಿತಿ ಇನ್ನೂ ಕೆಡುತ್ತಿತ್ತು.

ಅದಕ್ಕೆ ಕಾರಣ ಇದೆ. ನಾನು ಬೆಳೆದ ಮನೆಯಲ್ಲಿ ಕೂಗಾಟ ಶುರುವಾದರೆ ಮುಂದೆ ಹೊಡೆತ ಗ್ಯಾರಂಟಿ. ಹಾಗಾಗಿ ಇವತ್ತಿಗೂ ಯಾರಾದರೂ ದನಿ ಏರಿಸಿದರೆ ನನ್ನ ತಲೆ ಖಾಲಿಯಾಗಿಬಿಡುತ್ತದೆ. ಕೈ ತಣ್ಣಗಾಗುತ್ತದೆ, ಬಾಯಿ ಬರುವುದಿಲ್ಲ, ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ನನ್ನ ಗಂಡನ ಕಥೆ ಬೇರೆ. ಅವರ ಅಪ್ಪ ಮಾತಿಗೆ ಮಾತು ಬೆಳೆದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡುತ್ತಿದ್ದರಂತೆ. ಯಾವಾಗ ಬರುತ್ತಾರೆ, ಬರುತ್ತಾರೋ ಇಲ್ಲವೋ, ಏನೂ ಗೊತ್ತಾಗುತ್ತಿರಲಿಲ್ಲ. ಈಗ ಯೋಚಿಸಿ, ನಾನು ರೂಮಿನ ಬಾಗಿಲು ಹಾಕಿದರೆ ಅವರಿಗೆ ಏನಾಗಬೇಡ? ಅವರು ಬಾಗಿಲ ಹೊರಗೆ ನಿಂತು ದನಿ ಏರಿಸುತ್ತಿದ್ದರು. ಒಳಗೆ ನಾನು ಇನ್ನಷ್ಟು ಮುದುಡುತ್ತಿದ್ದೆ.

ಇದಕ್ಕಿಂತ ಮೊದಲು ಮಾಮೂಲಿ ದಂಪತಿ ಕೌನ್ಸೆಲಿಂಗ್‌ಗೂ ಹೋಗಿದ್ದೆವು. ಅಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿ, ಕಣ್ಣಲ್ಲಿ ಕಣ್ಣಿಟ್ಟು ಮನಸ್ಸಿನ ಮಾತು ಹೇಳಿ ಅಂದರು. ನನಗೆ ಬಾಯಿ ಬರಲಿಲ್ಲ. 'ಸಹಕಾರ ಕೊಡ್ತಿಲ್ಲ' ಅಂತ ನನ್ನ ಮೇಲೆ ತೀರ್ಪಾಯಿತು. ಈಗಿನ ಥೆರಪಿಸ್ಟ್ ಮೊದಲ ಸಲ ನಾನು ಹಾಗೆ ಮೌನವಾದಾಗ ಮಾಡಿದ್ದು ಇಷ್ಟೇ. ಮಾತು ನಿಲ್ಲಿಸಿದರು, ನನ್ನ ಗಂಡನಿಗೂ ನಿಲ್ಲಿಸಲು ಹೇಳಿದರು, ಪಾದ ನೆಲಕ್ಕೆ ಒತ್ತಿ ಈ ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿ ಅಂದರು. ಗಡಿಯಾರ, ಪರದೆ, ಫ್ಯಾನು ಅಂತ ಎಣಿಸುವಷ್ಟರಲ್ಲಿ ನನ್ನ ನಾಲಿಗೆ ವಾಪಸ್ ಬಂದಿತ್ತು. ಆಮೇಲೆ ಗಂಡನ ಕಡೆ ತಿರುಗಿ, 'ಇವರು ನಿಮ್ಮನ್ನು ಕಡೆಗಣಿಸ್ತಿಲ್ಲ, ಇವರ ಮೈ ಬ್ರೇಕ್ ಹಾಕಿದೆ' ಅಂದರು. ಮದುವೆಯಾಗಿ ಅಷ್ಟು ವರ್ಷಕ್ಕೆ ಆ ಮಾತನ್ನು ನನ್ನ ಪರವಾಗಿ ಯಾರಾದರೂ ಹೇಳಿದ್ದು ಅದೇ ಮೊದಲು.

ಈಗ ನಮ್ಮ ಬ್ರೇಕ್ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಯಾರಿಗೆ ತಡೆಯಲಾಗುವುದಿಲ್ಲವೋ ಅವರು ಅಂಗೈಯನ್ನು ಮೇಜಿನ ಮೇಲೋ ಗೋಡೆಯ ಮೇಲೋ ಅಗಲವಾಗಿ ಇಡಬೇಕು. ಮಾತು ಬೇಕಿಲ್ಲ, ಯಾಕೆಂದರೆ ನನಗೆ ಆ ಹೊತ್ತಿಗೆ ಮಾತೇ ಬರುವುದಿಲ್ಲ. ಅಂಗೈ ಇಟ್ಟ ಮೇಲೆ ಎದುರಿನವರಿಗೆ ಇನ್ನೊಂದೇ ಒಂದು ವಾಕ್ಯಕ್ಕೂ ಅವಕಾಶ ಇಲ್ಲ. ('ಇದೊಂದು ಹೇಳಿಬಿಡ್ತೀನಿ' ಅನ್ನುವುದನ್ನು ಬಿಡಲು ನನ್ನ ಗಂಡನಿಗೆ ತುಂಬ ಕಾಲ ಹಿಡಿಯಿತು.) ಆಮೇಲೆ ಗೋಡೆ ಗಡಿಯಾರ ನೋಡಿ ವಾಪಸ್ ಬರುವ ಸಮಯವನ್ನು ಬೆರಳಲ್ಲಿ ತೋರಿಸಬೇಕು. ನಾನು ರೂಮಿಗೆ ಹೋದರೆ ಬಾಗಿಲು ಅರ್ಧ ತೆರೆದಿರಬೇಕು. ಅವರು ಹೊರಗೆ ನಡೆಯಲು ಹೋದರೆ ಫೋನ್ ಜೊತೆಗಿರಬೇಕು.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಇದು: ಬ್ರೇಕ್ ಕೇಳಿದವರೇ ವಾಪಸ್ ಬಂದು ಮಾತು ಶುರು ಮಾಡಬೇಕು. ಈ ಒಂದು ನಿಯಮ ಇಲ್ಲದಿದ್ದರೆ ಬ್ರೇಕ್ ಅನ್ನುವುದು ಓಡಿಹೋಗುವುದಕ್ಕೆ ಇನ್ನೊಂದು ಹೆಸರು, ಅಲ್ವಾ? ನನಗೆ ಬೇಕಾದದ್ದು ಮಾತು ನಿಲ್ಲುತ್ತದೆ ಅನ್ನುವ ಭರವಸೆ. ಅವರಿಗೆ ಬೇಕಾದದ್ದು ಹೋದವರು ಬರುತ್ತಾರೆ ಅನ್ನುವ ಭರವಸೆ. ಎರಡನ್ನೂ ಒಟ್ಟಿಗೆ ಕೊಡುವ ವ್ಯವಸ್ಥೆ ನಮ್ಮ ತಲೆಗೆ ಹೊಳೆದಿರಲಿಲ್ಲ.

20 ನಿಮಿಷ ಯಾಕೆ ಅಂತ ನಾನೂ ಕೇಳಿದ್ದೆ. ದಂಪತಿಗಳನ್ನು ಪ್ರಯೋಗಾಲಯದಲ್ಲಿ ಕೂರಿಸಿ, ಜಗಳದ ವಿಷಯ ಮಾತಾಡಿಸಿ, ಎದೆಬಡಿತ ಅಳೆದವರು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್. ಎದೆಬಡಿತ ನಿಮಿಷಕ್ಕೆ 100ರ ಆಸುಪಾಸು ದಾಟಿತು ಅಂದರೆ ಎದುರಿನವರ ಮಾತು ತಲೆಗೆ ಇಳಿಯುವುದಿಲ್ಲ, ಮೈ ಮೊದಲಿನಂತಾಗಲು ಕನಿಷ್ಠ 20 ನಿಮಿಷ ಕೊಡಿ ಅನ್ನುತ್ತಾರೆ ಅವರು. ಆ ಹೊತ್ತಿನಲ್ಲಿ 'ಅವಳು ಹಾಗಂದಳಲ್ಲ, ನಾನು ಹೀಗನ್ನಬೇಕಿತ್ತು' ಅಂತ ತಲೆಯೊಳಗೆ ಜಗಳ ಮುಂದುವರಿಸಿದರೆ ಎದೆಬಡಿತ ಇಳಿಯುವುದೇ ಇಲ್ಲ. ಆದ್ದರಿಂದ ಕೈಗೆ ಕೆಲಸ ಬೇಕು. ನಾನು ಒಣಗಿದ ಬಟ್ಟೆ ಮಡಚುತ್ತೇನೆ. ಮೊದಲು ಟವೆಲ್‌ಗಳು, ಯಾಕೆಂದರೆ ಅವಕ್ಕೆ ಯೋಚನೆ ಬೇಡ. ಆಮೇಲೆ ಮಗಳ ಬಟ್ಟೆ. ಕೊನೆಗೆ ಕಾಲುಚೀಲ, ಜೋಡಿ ಹುಡುಕುವಷ್ಟು ತಲೆ ಓಡುತ್ತಿದೆ ಅಂದರೆ ವಾಪಸ್ ಹೋಗಬಹುದು ಅಂತ ನನ್ನ ಲೆಕ್ಕ. ಗಂಡ ಮುಖಕ್ಕೆ ತಣ್ಣೀರು ಹಾಕಿಕೊಂಡು ಗಿಡಗಳ ಒಣ ಎಲೆ ಕೀಳುತ್ತಾರೆ. ಜಗಳ ಜಾಸ್ತಿಯಾದ ತಿಂಗಳು ನಮ್ಮ ಗಿಡಗಳು ತುಂಬ ಚೆನ್ನಾಗಿರುತ್ತವೆ.

ಮಗಳಿಗೆ ಈಗ ಹದಿಮೂರು. ಕುಟುಂಬದ ಸೆಷನ್‌ನಲ್ಲಿ ಈ ನಿಯಮಗಳನ್ನು ಅವಳ ಮುಂದೆಯೇ ಬರೆದೆವು, ಅವಳ ಸಹಿಯೂ ಇದೆ. ಮೊದಮೊದಲು ಹೋಮ್‌ವರ್ಕ್ ಆಯ್ತಾ ಅಂತ ಕೇಳಿದರೂ ಅಂಗೈ ಗೋಡೆಗೆ ಇಡುತ್ತಿದ್ದಳು. ವಾಪಸ್ ಬಂದು ಮಾತು ಶುರು ಮಾಡುವ ಕೆಲಸ ತನ್ನದೇ ಅಂತ ನೆನಪಾದ ಮೇಲೆ ಆ ಆಟ ತಾನಾಗಿ ನಿಂತಿತು. ಈಗ ನಮ್ಮ ಟೈಮ್‌ಕೀಪರ್ ಅವಳೇ. ಹೊರಗಿನಿಂದ 'ಅಪ್ಪಾ, ಟೈಮ್ ಆಯ್ತು' ಅನ್ನುವ ಕೂಗು ಬಂದರೆ ಇಬ್ಬರಿಗೂ ನಗು ತಡೆಯಲಾಗುವುದಿಲ್ಲ. ಆದರೂ ಇದನ್ನು ಅವಳ ಕೆಲಸ ಮಾಡಬೇಡಿ, ದೊಡ್ಡವರ ಜಗಳದ ಗಡಿಯಾರ ಮಗುವಿನ ಕೈಯಲ್ಲಿರಬಾರದು ಅಂತ ಥೆರಪಿಸ್ಟ್ ಎಚ್ಚರಿಸಿದ್ದಾರೆ. ಮೊಬೈಲ್‌ನಲ್ಲಿ ಅಲಾರಂ ಇಡುತ್ತಿದ್ದೇವೆ. ಅವಳು ಅಲಾರಂಗಿಂತ ಮೊದಲೇ ಕೂಗುತ್ತಾಳೆ.

ಸೆಷನ್‌ಗಳ ಬಗ್ಗೆ ಹೇಳುವುದಾದರೆ, ಶುರು ತುಂಬ ನಿಧಾನ. ಜೋಡಿಯಾಗಿ ಕೂರಿಸುವ ಮೊದಲು ನಮ್ಮನ್ನು ಬೇರೆಬೇರೆಯಾಗಿ ಕರೆದು ಮಾತಾಡಿಸಿದರು. ಬಿಲ್ ಬೆಳೆಸುವ ಉಪಾಯ ಅಂತ ನನ್ನ ಗಂಡ ಗೊಣಗಿದರು. ಆದರೆ ಆ ಭೇಟಿಯಲ್ಲಿ ಕೇಳಿದ ಮುಖ್ಯ ಪ್ರಶ್ನೆ, ಮನೆಯಲ್ಲಿ ಈಗ ಹೊಡೆತ ಬಡಿತ ಇದೆಯಾ, ಸಂಗಾತಿಯ ಭಯ ಇದೆಯಾ ಅನ್ನುವುದು. ಗಂಡನ ಪಕ್ಕದಲ್ಲಿ ಕೂತು ಯಾರು ಇದಕ್ಕೆ ನಿಜ ಹೇಳುತ್ತಾರೆ? ಹಿಂಸೆ ಇನ್ನೂ ನಡೆಯುತ್ತಿರುವ ಮನೆಯಲ್ಲಿ ಜೋಡಿ ಸೆಷನ್ ಅಪಾಯ, ಅಲ್ಲಿ ಆಡಿದ ಮಾತಿಗೆ ಮನೆಯಲ್ಲಿ ಏಟು ಬೀಳಬಹುದು. ಈ ಪ್ರಶ್ನೆಯನ್ನೇ ಕೇಳದೆ ನೇರವಾಗಿ ಇಬ್ಬರನ್ನೂ ಸೋಫಾದ ಮೇಲೆ ಕೂರಿಸುವವರ ಹತ್ತಿರ ನಾನಂತೂ ಹೋಗುವುದಿಲ್ಲ.

ನನ್ನ ಒಂಟಿ ಸೆಷನ್‌ನಲ್ಲೂ ಹಳೆಯ ಕಥೆಗೆ ಕೈ ಹಾಕಲು ಬಹಳ ಸಮಯ ತೆಗೆದುಕೊಂಡರು. ಮೊದಲು ಸುರಕ್ಷಿತ ಅನಿಸುವುದು, ಆಮೇಲೆ ನೆನಪುಗಳ ಕೆಲಸ, ಕೊನೆಗೆ ಜನರ ಜೊತೆ ಮತ್ತೆ ಬೆರೆಯುವುದು. ಈ ಮೂರು ಹಂತದ ಯೋಚನೆ 19ನೇ ಶತಮಾನದ ಕೊನೆಯ ಫ್ರೆಂಚ್ ವೈದ್ಯ ಪಿಯರ್ ಜಾನೆ ಕಾಲದ್ದು, 1992ರಲ್ಲಿ ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ ಅದಕ್ಕೆ ಈಗಿನ ರೂಪ ಕೊಟ್ಟರು. ನೆನಪುಗಳ ಹಂತದಲ್ಲಿ ನನಗೆ ಮಾಡಿದ್ದು ಇಎಂಡಿಆರ್. ಒಂದು ಕೆಟ್ಟ ನೆನಪನ್ನು ಮನಸ್ಸಿನಲ್ಲಿ ಹಿಡಿದುಕೊಂಡು, ಥೆರಪಿಸ್ಟ್ ಬೆರಳು ಆಚೀಚೆ ಆಡಿಸಿದಂತೆ ಕಣ್ಣು ಆಡಿಸಬೇಕು. ನೋಡುವವರಿಗೆ ಮಂತ್ರವಾದಿಯ ಹತ್ತಿರ ಬಂದ ಹಾಗೆ ಕಾಣುತ್ತದೆ. ಫ್ರಾನ್ಸಿನ್ ಶಪೀರೊ 1987ರಲ್ಲಿ ಶುರು ಮಾಡಿದ ವಿಧಾನ ಇದು. ಕಣ್ಣಿನ ಆಟ ನಿಜಕ್ಕೂ ಏನು ಮಾಡುತ್ತದೆ ಅಂತ ವಿಜ್ಞಾನಿಗಳು ಇನ್ನೂ ವಾದ ಮಾಡುತ್ತಲೇ ಇದ್ದಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಪಿಟಿಎಸ್‌ಡಿಗೆ (ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆಗೆ) ಶಿಫಾರಸು ಮಾಡಿದ ಚಿಕಿತ್ಸೆಗಳಲ್ಲಿ ಇದೂ ಇದೆ. ನನಗೆ ಆದ ಲಾಭ ಇಷ್ಟು: ಬೆಲ್ಟಿನ ಸದ್ದು ಈಗಲೂ ನೆನಪಿದೆ, ಆದರೆ ಹೊಟ್ಟೆ ಕಿವುಚುವುದಿಲ್ಲ. ಆ ಸೆಷನ್ ಆದ ಸಂಜೆ ಮಾತ್ರ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ತುಂಬ ಸುಸ್ತಾಗುತ್ತದೆ.

ಇಲ್ಲಿಯವರೆಗೆ ಹೊಗಳಿದ್ದಾಯಿತು.

ಒಂದು ವಿಷಯದಲ್ಲಿ ನನಗೆ ಇನ್ನೂ ಕೋಪ ಇಳಿದಿಲ್ಲ. ನಾನು ಒಂಟಿ ಸೆಷನ್‌ನಲ್ಲಿ ಹೇಳಿದ ಒಂದು ಮಾತು ಜೋಡಿ ಸೆಷನ್‌ನಲ್ಲಿ ಗಂಡನ ಮುಂದೆ ಹೊರಬಂತು. ಎರಡಕ್ಕೂ ಬೇರೆ ಥೆರಪಿಸ್ಟ್, ಆದರೆ ಫೈಲ್ ಒಂದೇ. ದೊಡ್ಡ ಗುಟ್ಟೇನಲ್ಲ ಅದು. ಆದರೆ ಯಾವಾಗ, ಹೇಗೆ ಹೇಳಬೇಕು ಅನ್ನುವುದು ನನ್ನ ಕೈಯಲ್ಲಿರಬೇಕಿತ್ತು. ಕೇಳಿದರೆ, ಜೋಡಿ ಜೊತೆ ಕೆಲಸ ಮಾಡುವಾಗ ಗುಟ್ಟು ಇಟ್ಟುಕೊಳ್ಳುವುದಿಲ್ಲ ಅನ್ನುವುದು ನಮ್ಮ ನಿಯಮ ಅಂದರು. ಇರಲಿ, ಅಂಥ ನಿಯಮ ಇಟ್ಟುಕೊಳ್ಳುವ ಥೆರಪಿಸ್ಟ್‌ಗಳು ಇದ್ದಾರೆ, ಅದಕ್ಕೆ ಕಾರಣವೂ ಇದೆ. ಒಬ್ಬರ ಗುಟ್ಟು ಹೊತ್ತುಕೊಂಡರೆ ಇಬ್ಬರ ಪರವಾಗಿ ಕೂರಲು ಆಗುವುದಿಲ್ಲ. ನನ್ನ ತಕರಾರು ಅದನ್ನು ಮೊದಲೇ ಬಾಯಿಬಿಟ್ಟು ಹೇಳಲಿಲ್ಲ ಅನ್ನುವುದು. ಮಾನಸಿಕ ಆರೋಗ್ಯ ಮತ್ತು ವ್ಯಸನದ ಸೇವೆಗಳನ್ನು ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಸ್ಯಾಮ್‌ಸಾ 2014ರಲ್ಲಿ ಇಂಥ ಸೇವೆಗಳಿಗೆ ಆರು ಸೂತ್ರ ಬರೆದಿದೆ. ಸುರಕ್ಷತೆ ಮೊದಲನೆಯದು, ನಂಬಿಕೆ ಮತ್ತು ಪಾರದರ್ಶಕತೆ ಎರಡನೆಯದು. ಕುರ್ಚಿ ಎಲ್ಲಿ ಹಾಕಲಿ, ಬಾಗಿಲು ಮುಚ್ಚಲಾ ಅಂತ ಪ್ರತಿಸಲ ನನ್ನ ಒಪ್ಪಿಗೆ ಕೇಳುವ ಜಾಗದಲ್ಲಿ ನನ್ನ ಮಾತಿಗೇ ಒಪ್ಪಿಗೆ ಕೇಳಲಿಲ್ಲ ಅಂದರೆ ಹೇಗೆ? ಅವತ್ತು ಅಂಗೈ ಮೇಜಿನ ಮೇಲಿಟ್ಟೆ, ಸೆಷನ್ ಅಲ್ಲಿಗೇ ನಿಲ್ಲಿಸಿದೆ. ಆಮೇಲೆ ಅವರು ಕ್ಷಮೆ ಕೇಳಿದರು. ಯಾರ ಫೈಲ್ ಯಾರು ನೋಡಬಹುದು ಅಂತ ಬರೆದುಕೊಟ್ಟರು. ಹೊಸದಾಗಿ ಹೋಗುವವರು ಈ ಕಾಗದವನ್ನು ಮೊದಲ ದಿನವೇ ಕೇಳಿ ಪಡೆಯಿರಿ.

ಇನ್ನೊಂದು ಸಣ್ಣ ಕಿರಿಕಿರಿ. ಥೆರಪಿಯ ಭಾಷೆ ಮನೆಗೆ ಬಂದರೆ ಆಯುಧವಾಗುತ್ತದೆ. 'ನೀನು ಟ್ರಿಗರ್ ಆಗಿದ್ದೀಯ ಬಿಡು' (ಹಳೆಯ ಪೆಟ್ಟು ಕೆರಳಿದೆ ಅಂತ ಅರ್ಥ) ಅಂತ ಗಂಡ ಹೇಳಿದಾಗ ನಾನು ಸುಮ್ನೆ ಕರೆಂಟ್ ಬಿಲ್ ಕಟ್ಟಿದ್ರಾ ಅಂತ ಕೇಳಿದ್ದೆ. ಕಟ್ಟಿರಲಿಲ್ಲ. ಈಗ ಇನ್ನೊಬ್ಬರ ಬಗ್ಗೆ ಆ ಪದ ಬಳಸುವಂತಿಲ್ಲ, ತನ್ನ ಬಗ್ಗೆ ಮಾತ್ರ ಬಳಸಬಹುದು ಅಂತ ಮಾಡಿಕೊಂಡಿದ್ದೇವೆ.

ಆರಿಸುವವರಿಗೆ ಒಂದು ಮಾತು. ಬೋರ್ಡಿನ ಮೇಲೆ 'ಟ್ರಾಮಾ ಇನ್‌ಫಾರ್ಮ್ಡ್' ಅಂತ ಇದ್ದರೆ ಆಘಾತಕ್ಕೆ ಚಿಕಿತ್ಸೆ ಕೊಡುತ್ತಾರೆ ಅಂತ ಅರ್ಥವಲ್ಲ. ಬಂದವರಿಗೆ ಹಳೆಯ ಪೆಟ್ಟು ಇರಬಹುದು ಅಂತ ಎಚ್ಚರದಿಂದ ನಡೆದುಕೊಳ್ಳುತ್ತಾರೆ ಅಂತ ಅಷ್ಟೇ. ಶಾಲೆಯೂ ಹಾಗಿರಬಹುದು, ಆಸ್ಪತ್ರೆಯ ರಿಸೆಪ್ಶನ್ನೂ ಹಾಗಿರಬಹುದು. ನೆನಪುಗಳ ಕೆಲಸ ಬೇಕಿದ್ದರೆ ಯಾವ ವಿಧಾನ ಕಲಿತಿದ್ದೀರಿ, ಎಲ್ಲಿ ಕಲಿತಿರಿ, ನಿಮ್ಮ ಕೆಲಸವನ್ನು ಮೇಲಿನವರು ಯಾರಾದರೂ ನೋಡುತ್ತಾರಾ ಅಂತ ನೇರವಾಗಿ ಕೇಳಿ. ಈ ಪ್ರಶ್ನೆಗೆ ಮುಖ ಗಂಟಿಕ್ಕುವವರು ಬೇಡ.

ನಮ್ಮದು ಲೆಕ್ಕ ಹಾಕಿ ಖರ್ಚು ಮಾಡುವ ಮನೆ. ಮೂರೂ ರೀತಿಯ ಸೆಷನ್ ಒಂದೇ ತಿಂಗಳಲ್ಲಿ ನಮ್ಮ ಕೈಲಿ ಆಗುವುದಿಲ್ಲ. ಇಎಂಡಿಆರ್ ನಡೆಯುವಾಗ ಜೋಡಿ ಸೆಷನ್ ಕಡಿಮೆ ಮಾಡಿದೆವು. ಈಗ ಒಂಟಿ ಸೆಷನ್ ನಿಲ್ಲಿಸಿ ಜೋಡಿಯದನ್ನು ಉಳಿಸಿಕೊಂಡಿದ್ದೇವೆ. ಬಜೆಟ್ ಇನ್ನೂ ಬಿಗಿ ಆದರೆ ಕುಟುಂಬದ ಸೆಷನ್ ಮೊದಲು ಹೋಗುತ್ತದೆ, ಮಗಳೇ ಹಾಗೆ ಹೇಳಿದ್ದಾಳೆ. ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿತ ಆ ಫೈಲಿಗೆ. ಮುಂದಿನ ಸೆಷನ್‌ಗೆ ಒಂದು ವಿಷಯ ಬಾಕಿ ಇದೆ: ರಾತ್ರಿ ಹನ್ನೊಂದಾದ ಮೇಲೆ ಬ್ರೇಕ್ ಕೇಳಿದರೆ ಮಾತನ್ನು ಬೆಳಿಗ್ಗೆಗೆ ಮುಂದೂಡಬಹುದಾ? ಆಗಬಹುದು ಅಂತ ನಾನು, ಖಂಡಿತ ಆಗಲ್ಲ ಅಂತ ನನ್ನ ಗಂಡ.